ಬ್ರಾಂಟೆ ಸಹೋದರಿಯರ ಪತ್ತೇದಾರಿ ಕಾದಂಬರಿಗಳು

ಇಂಗ್ಲಿಷ್ ಲೇಖಕಿಯರಾದ ಷಾರ್ಲಟ್ (1816–1855), ಎಮಿಲಿ (1818–1848) ಮತ್ತು ಆನ್ ಬ್ರಾಂಟೆ (1820–1849) ಅವರನ್ನು ಹವ್ಯಾಸಿ ಪತ್ತೇದಾರರಾಗಿ ಚಿತ್ರಿಸುವ ನಾಲ್ಕು ಐತಿಹಾಸಿಕ ಕಾದಂಬರಿಗಳ ಮಾಲೆ. ಇದರ ಕರ್ತೃ ಇಂಗ್ಲೆಂಡಿನ ಕಾದಂಬರಿಗಾರ್ತಿ ರೋವನ್ ಕೋಲ್ಮನ್. ಈ ಮಾಲೆಗಾಗಿ ಅವರು ಆರಿಸಿಕೊಂಡ ಬೆಲ್ಲಾ ಎಲ್ಲಿಸ್ ಎಂಬ ಹೆಸರು ಎಮಿಲಿಯ ಗುಪ್ತನಾಮವಾದ ಎಲ್ಲಿಸ್ ಬೆಲ್ ಎಂಬುದನ್ನು ತಿರುವಿ ಮಾಡಿದುದು. ದಿ ವ್ಯಾನಿಶ್ಡ್ ಬ್ರೈಡ್ (2019), ದಿ ಡಯಾಬಾಲಿಕಲ್ ಬೋನ್ಸ್ (2020), ದಿ ರೆಡ್ ಮೊನಾರ್ಕ್ (2021) ಮತ್ತು ಎ ಗಿಫ್ಟ್ ಆಫ್ ಪಾಯ್ಸನ್ (2023) ಮಾಲೆಯ ಕೃತಿಗಳು.

ಕಥೆ ಆರಂಭವಾಗುವುದು 1845ರಲ್ಲಿ, ಯಾರ್ಕ್‌ಷೈರಿನ ಹಾವರ್ತ್ ಗ್ರಾಮದಲ್ಲಿ ತಂದೆ ಪ್ಯಾಟ್ರಿಕ್ ಬ್ರಾಂಟೆ ಪಾದ್ರಿಯಾಗಿ ವಾಸವಾಗಿದ್ದ ಮನೆಯಲ್ಲಿ. ಈ ವರ್ಷದ ಆಯ್ಕೆಗೆ ಚರಿತ್ರೆಯ ಆಧಾರವಿದೆ. ಷಾರ್ಲಟ್ 1844ರಲ್ಲಿ ಬ್ರಸೆಲ್ಸ್‌ನಿಂದ ಮರಳಿದ್ದಳು. ಶ್ರೀಮಂತರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳುವ ಗವರ್ನೆಸ್ ಕೆಲಸವನ್ನು ಆನ್ 1845ರ ಜೂನ್‌ನಲ್ಲಿ ಬಿಟ್ಟಳು. ಅದೇ ಮನೆಯಲ್ಲಿ ಬೋಧಕನಾಗಿದ್ದ ಸಹೋದರ ಬ್ರಾನ್‌ವೆಲ್‌ನನ್ನು ಮರುತಿಂಗಳು ಕೆಲಸದಿಂದ ತೆಗೆಯಲಾಯಿತು. ಹೀಗೆ ಒಡಹುಟ್ಟಿದವರೆಲ್ಲ ಒಂದೇ ಸೂರಿನಡಿ ಸೇರಿದ್ದರೂ ಸಹೋದರಿಯರ ಹೆಸರು ಇನ್ನೂ ಲೋಕಕ್ಕೆ ತಿಳಿದಿರದ ಕಾಲವದು. ಅವರ ಕವನಸಂಕಲನ ಬಂದದ್ದು 1846ರಲ್ಲಿ. ಜೇನ್ ಐರ್, ವದರಿಂಗ್ ಹೈಟ್ಸ್, ಆಗ್ನೆಸ್ ಗ್ರೇ ಕಾದಂಬರಿಗಳು ಬಂದದ್ದು 1847ರಲ್ಲಿ.

ಪತ್ತೇದಾರಿಕೆ ಆಗ ಇನ್ನೂ ಎಳೆಯದು. ಎಡ್ಗರ್ ಅಲನ್ ಪೋ ಬರೆದ, ಆಧುನಿಕ ಪತ್ತೇದಾರಿ ಕಥೆಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಗಣಿಸಲಾಗುವ ಕಥೆ 1841ರಲ್ಲಿ ಪ್ರಕಟವಾಗಿತ್ತು. ಲಂಡನ್ ಪೊಲೀಸರ ಪತ್ತೇದಾರಿ ಶಾಖೆ 1842ರಲ್ಲಿ ಹುಟ್ಟಿತ್ತು. ಹಾವರ್ತ್ ಸೇರಿದ್ದ ವೆಸ್ಟ್ ರೈಡಿಂಗ್ ಪ್ರಾಂತ್ಯಕ್ಕೆ ಸಂಘಟಿತ ಪೊಲೀಸ್ ಪಡೆ ಬಂದದ್ದು 1856ರಲ್ಲಿ. ಆದುದರಿಂದ ಮೊದಲ ಕಾದಂಬರಿಯಲ್ಲಿ ಸಿರಿವಂತನೊಬ್ಬನ ಎಳೆಯ ಹೆಂಡತಿ ರಕ್ತದ ಕಲೆಗಳನ್ನಷ್ಟೇ ಉಳಿಸಿ ಕಾಣೆಯಾದಾಗ, ಸತ್ಯವನ್ನು ಹುಡುಕುವ ಹೊಣೆಯನ್ನು ಸಹೋದರಿಯರೇ ಹೊತ್ತುಕೊಳ್ಳುವುದು ಅಸಹಜವೆನಿಸುವುದಿಲ್ಲ. ಎರಡನೆಯದರಲ್ಲಿ ಹಳೆಯ ಮನೆಯೊಂದರ ಹೊಗೆಗೂಡಿನೊಳಗೆ ಸಿಕ್ಕ ಮಗುವಿನ ಮೂಳೆಗಳು ತನಿಖೆಗೆ ಕಾರಣವಾಗುತ್ತವೆ. ಮೂರನೆಯದರಲ್ಲಿ ಕಥೆ ಲಂಡನ್ನಿಗೆ ಸಾಗುತ್ತದೆ.

ಈ ಕಾದಂಬರಿಗಳ ತಿರುಳು ಅಂದಿನ ಹೆಣ್ಣಿನ ಸ್ಥಿತಿಗೆ ಸಂಬಂಧಿಸಿದ್ದು. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಂತೆ ಮದುವೆಯಾದ ಹೆಣ್ಣಿನ ಚರಾಸ್ತಿಯೂ ಗಳಿಕೆಯೂ ಗಂಡನ ವಶವಾಗುತ್ತಿದ್ದವು. 1870 ಮತ್ತು 1882ರ ಕಾಯಿದೆಗಳಿಂದ ಈ ಸ್ಥಿತಿ ಬದಲಾಯಿತು. ಬ್ರಾಂಟೆ ಸಹೋದರಿಯರ ಸ್ವಂತ ಕೃತಿಗಳಲ್ಲಿಯೇ ಇದರ ಚಿತ್ರಣವಿದೆ: ಜೇನ್ ಐರ್ ಕಾದಂಬರಿಯಲ್ಲಿ ಮೊದಲ ಹೆಂಡತಿಯನ್ನು ಮನೆಯ ಮೇಲಂತಸ್ತಿನಲ್ಲಿ ಕೂಡಿಹಾಕಿ ಗುಟ್ಟಾಗಿಡಲಾಗಿದೆ, ಆನ್ ಬರೆದ ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್ (1848) ಕಾದಂಬರಿಯ ನಾಯಕಿ ಕುಡುಕ ಗಂಡನಿಂದ ಮಗನನ್ನು ಕಾಪಾಡಲು ಹೆಸರು ಮರೆಸಿಕೊಂಡು ಬಾಳುತ್ತಾಳೆ. ಮನೆಯ ಗೋಡೆಗಳೊಳಗಿನ ರಹಸ್ಯವನ್ನು ಇಷ್ಟು ಬಲ್ಲ ಲೇಖಕಿಯರಿಗೆ ಪತ್ತೇದಾರರ ಪಾತ್ರ ಹೊರಗಿನಿಂದ ಹೇರಿದ್ದಲ್ಲ, ಅವರ ಬರಹದಿಂದಲೇ ಬೆಳೆದದ್ದು.

ನಿಜವಾಗಿ ಬದುಕಿದ್ದವರನ್ನು ಪಾತ್ರಗಳನ್ನಾಗಿಸುವಲ್ಲಿ ಒಂದು ಕಟ್ಟುಪಾಡೂ ಇದೆ. ಬ್ರಾನ್‌ವೆಲ್ ಮತ್ತು ಎಮಿಲಿ 1848ರಲ್ಲಿ, ಆನ್ 1849ರಲ್ಲಿ ತೀರಿಕೊಂಡದ್ದು ಓದುಗರಿಗೆ ಮೊದಲೇ ತಿಳಿದಿರುವುದರಿಂದ, ನಾಯಕಿಯರ ಪ್ರಾಣಾಪಾಯಕ್ಕಿಂತ ಬಲಿಯಾದವರಿಗೆ ನ್ಯಾಯ ಸಿಕ್ಕೀತೇ ಎಂಬುದರಲ್ಲಿ ಕುತೂಹಲವನ್ನು ನಿಲ್ಲಿಸಬೇಕಾಗುತ್ತದೆ.

ಈ ಪ್ರಕಾರದಲ್ಲಿ ಬೇರೆ ಪ್ರಯತ್ನಗಳೂ ನಡೆದಿವೆ. ಸ್ಟೆಫನಿ ಬ್ಯಾರನ್ 1996ರಿಂದ ಜೇನ್ ಆಸ್ಟೆನ್‌ಳನ್ನು, ಲಾರಾ ಜೋ ರೋಲೆಂಡ್ 2008ರಲ್ಲಿ ಷಾರ್ಲಟ್ ಬ್ರಾಂಟೆಯನ್ನು ರಹಸ್ಯಭೇದಕಿಯಾಗಿ ಚಿತ್ರಿಸಿದರು. ಜೆಸ್ಸಿಕಾ ಫೆಲೋಸ್ 2017ರಲ್ಲಿ ಆರಂಭಿಸಿದ ಮಾಲೆ ಇಂಗ್ಲಿಷ್ ಲೇಖಕಿ ನ್ಯಾನ್ಸಿ ಮಿಟ್‌ಫರ್ಡ್ ಮತ್ತು ಆಕೆಯ ತಂಗಿಯರ ಸುತ್ತ ಹೆಣೆದದ್ದು; ಅದರ ಮೊದಲ ಕೃತಿಗೆ 1920ರಲ್ಲಿ ರೈಲಿನಲ್ಲಿ ನಡೆದ ಫ್ಲಾರೆನ್ಸ್ ನೈಟಿಂಗೇಲ್ ಶೋರ್ ಎಂಬ ದಾದಿಯ ಕೊಲೆಯೇ ಆಧಾರ. ಆದರೆ ಅಲ್ಲಿ ಪತ್ತೇದಾರಿಕೆಯ ಮುಖ್ಯ ಭಾರ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಾಕೆಯ ಮೇಲಿದೆ. ಮೂವರು ಸಹೋದರಿಯರನ್ನೂ ಸಮಾನ ಪತ್ತೇದಾರರನ್ನಾಗಿಸಿ, ದಾಖಲೆಯ ಎಲ್ಲೆಯೊಳಗೆ ಕಲ್ಪನೆಯನ್ನು ದುಡಿಸಿಕೊಂಡದ್ದು ಬೆಲ್ಲಾ ಎಲ್ಲಿಸ್ ಮಾಲೆಯ ವೈಶಿಷ್ಟ್ಯ.