ಬಿನ್ನಹದಿಂದ ಅರ್ಜಿಯವರೆಗೆ

ಸರಕಾರದ ಅನುದಾನ ಕೇಳುವುದು ಹೊಸ ವಿದ್ಯೆಯೇನಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಅದಕ್ಕೆ ‘ಬಿನ್ನಹ’ ಎಂದು ಹೆಸರು. ದಂಡನಾಯಕನೋ ಸಾಮಂತನೋ ಅರಸನಿಗೆ ಬಿನ್ನಹ ಮಾಡುತ್ತಾನೆ. ಅರಸ ಭೂಮಿಯನ್ನೋ ಸುಂಕವನ್ನೋ ದತ್ತಿ ಬಿಡುತ್ತಾನೆ. ಎಷ್ಟು ಮತ್ತರು, ಯಾವ ಕೆಲಸಕ್ಕೆ, ಎಲ್ಲೆ ಯಾವುದು ಎಂಬುದೆಲ್ಲ ಕಲ್ಲಿಗೇರುತ್ತದೆ. ಕೊನೆಯಲ್ಲಿ, ದತ್ತಿ ಕಸಿದವನಿಗೆ ಶಾಪ. ಇಂದಿನ ಲೆಕ್ಕಪರಿಶೋಧಕರ ಕೆಲಸವನ್ನು ಆಗ ಈ ಶಾಪವೇ ಮಾಡುತ್ತಿತ್ತೆನ್ನಬೇಕು.

ಕೊಳಕೂರ ಇರುವ ಜೇವರ್ಗಿ ತಾಲೂಕಿನ ನೆರೆಯಲ್ಲೇ, ಚಿತ್ತಾಪುರದ ನಾಗಾವಿಯಲ್ಲಿ, ಇದಕ್ಕೊಂದು ಅಪರೂಪದ ಉದಾಹರಣೆಯಿದೆ. ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನ ಘಟಿಕಾಸ್ಥಾನವನ್ನು ಕುರಿತ 1058ರ ಶಾಸನ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನೂ ಅವರ ಉಪಾಧ್ಯಾಯರನ್ನೂ ಲೆಕ್ಕಕ್ಕೆ ತರುತ್ತದೆ. ಪುಸ್ತಕ ಕಾಯಲು 6 ಮಂದಿ ‘ಸರಸ್ವತೀ ಭಂಡಾರಿಗ’ರಿಗೂ ವ್ಯವಸ್ಥೆಯಿತ್ತು. ಗ್ರಂಥಪಾಲಕರ ಹುದ್ದೆ ವರ್ಷಗಟ್ಟಲೆ ಖಾಲಿ ಬೀಳುವ ಕಾಲದಲ್ಲಿ ಇದನ್ನು ಓದಿದರೆ ಬೆರಗಾಗುತ್ತದೆ.

ಆದರೆ ಬಿನ್ನಹ ಮಾಡಿದವರು ಯಾರು? ಅರಸನ ಆಸ್ಥಾನಕ್ಕೆ ದಾರಿ ಬಲ್ಲವರು. ಆ ಭೂಮಿಯನ್ನು ಉತ್ತವನ ಹೆಸರು ಇಂಥ ಕಲ್ಲುಗಳಲ್ಲಿ ಸಿಗುವುದು ಅಪರೂಪ.

ನಿಜಾಮರ ಆಳ್ವಿಕೆಯಲ್ಲಿ ಬಿನ್ನಹದ ಜಾಗಕ್ಕೆ ಅರ್ಜಿ ಬಂತು. ಅರ್ಜಿ, ಮಂಜೂರು, ದಾಖಲೆ ಎಲ್ಲವೂ ಅರಬ್ಬಿ ಮೂಲದ ಮಾತುಗಳೇ. ಕಚೇರಿಯ ಭಾಷೆ ಉರ್ದು, ರೈತನ ಭಾಷೆ ಕನ್ನಡ. ನಡುವೆ ಬರೆದುಕೊಡುವವನೊಬ್ಬ ಬೇಕೇ ಬೇಕು. ಹೀಗೆ ಮಾತು ಬದಲಾದರೂ ಮಧ್ಯವರ್ತಿ ಉಳಿದ.

1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಹಿಂದುಳಿದಿರುವಿಕೆಗೆ ಅಂಕಿಯ ಆಧಾರ ದೊರೆತದ್ದು 2002ರ ನಂಜುಂಡಪ್ಪ ಸಮಿತಿ ವರದಿಯಿಂದ. ಅದು ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು. ದೀರ್ಘ ಹೋರಾಟದ ನಂತರ, 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ ಸಂವಿಧಾನಕ್ಕೆ 371 (ಜೆ) ವಿಧಿ ಸೇರಿತು. ಕೃಪೆಯಾಗಿದ್ದದ್ದು ಹಕ್ಕಾಯಿತು; ದೊಡ್ಡ ಬದಲಾವಣೆಯೆಂದರೆ ಇದೇ.

2013ರಲ್ಲಿ ಹುಟ್ಟಿದ ಪ್ರದೇಶಾಭಿವೃದ್ಧಿ ಮಂಡಳಿಯ ಹೆಸರು 2019ರಿಂದ ಕಲ್ಯಾಣ ಕರ್ನಾಟಕದ್ದು. ಅದರ ಹಣ ರಸ್ತೆ, ಶಾಲಾಕೊಠಡಿಯಂಥ ಕಾಮಗಾರಿಗಳಿಗೆ. ಊರಿನವರು ಪಂಚಾಯಿತಿ, ಶಾಸಕರ ಮೂಲಕವೇ ಅದನ್ನು ಕೇಳುವುದು ರೂಢಿ. ನೌಕರಿ ಮತ್ತು ಕಾಲೇಜು ಸೀಟಿನ ಮೀಸಲಾತಿ ಮಾತ್ರ ನೇರ ವ್ಯಕ್ತಿಗೆ. ಅದಕ್ಕಾಗಿ ಕೊಳಕೂರಿನ ಹುಡುಗಿ ಜನನದ ಇಲ್ಲವೆ ವಾಸದ ದಾಖಲೆ ಲಗತ್ತಿಸಿ, ಉಪವಿಭಾಗಾಧಿಕಾರಿಯಿಂದ ಅರ್ಹತಾ ಪ್ರಮಾಣಪತ್ರ ಪಡೆಯಬೇಕು. ಅರ್ಜಿಯಲ್ಲಿ ಈಗ ಅವಳದೇ ಹೆಸರಿರುತ್ತದೆ.