ಕಂಪ್ಯೂಟರ್ ಎಂಬ ಹುದ್ದೆ

ಕಂಪ್ಯೂಟರ್ ಎಂಬುದು ಒಂದು ಕಾಲದಲ್ಲಿ ಯಂತ್ರದ ಹೆಸರಾಗಿರಲಿಲ್ಲ. ಮನುಷ್ಯರ ಉದ್ಯೋಗವೊಂದರ ಹೆಸರಾಗಿತ್ತು. ಲೆಕ್ಕ ಮಾಡುವವರು ಎಂಬುದೇ ಅದರ ಅರ್ಥ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಆ ಯಂತ್ರವನ್ನೇ ನಂಬಿ ಬಾಳುತ್ತಿರುವುದರಿಂದ, ಆ ಹುದ್ದೆಯನ್ನು ಅರಸಿ ವಿಶ್ವವಿದ್ಯಾನಿಲಯಕ್ಕೆ ಬಂದ ಕೆಲವು ತರುಣಿಯರ ವೃತ್ತಾಂತವನ್ನು ಇಲ್ಲಿ ಬರೆಯುತ್ತಿದ್ದೇನೆ.

1942ರಲ್ಲಿ ಕ್ಯಾತ್ಲೀನ್ ಮೆಕ್‌ನಲ್ಟಿ ಎಂಬಾಕೆ ಅಮೆರಿಕೆಯ ಫಿಲಡೆಲ್ಫಿಯಾದಲ್ಲಿ ಗಣಿತದ ಪದವಿ ಪಡೆದಳು. ಐರ್ಲೆಂಡಿನಿಂದ ವಲಸೆ ಬಂದ ಕುಟುಂಬದ ಹುಡುಗಿ. ಮನೆಯ ಮಾತು ಐರಿಷ್. ಶಾಲೆಗೆ ಸೇರುವಾಗ ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. (ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ಗಮನಿಸಬೇಕು!) ವಿಮಾ ಸಂಸ್ಥೆಗಳು ಹೆಂಗಸರನ್ನು ತೆಗೆದುಕೊಳ್ಳುವುದು ಅಪರೂಪವಾಗಿತ್ತು. ಉಳಿದದ್ದು ಶಿಕ್ಷಕ ವೃತ್ತಿ. ಅದು ಆಕೆಗೆ ಬೇಡವಾಗಿತ್ತು. ಜೀವನವಿಡೀ ಪಾಠ ಹೇಳಿದ ನನಗೆ ಈ ಮಾತು ತುಸು ಚುಚ್ಚಿದರೂ, ಅವಳ ನಿರ್ಧಾರವನ್ನು ನಾನು ಮೆಚ್ಚುತ್ತೇನೆ.

ಆಗ ಎರಡನೆಯ ಮಹಾಯುದ್ಧದ ಸಮಯ. ಗಣಿತ ಕಲಿತ ಸ್ತ್ರೀಯರು ಬೇಕೆಂಬ ಸರ್ಕಾರಿ ಜಾಹೀರಾತನ್ನು ಪತ್ರಿಕೆಯಲ್ಲಿ ಕಂಡು, ಕ್ಯಾತ್ಲೀನ್ ತನ್ನ ಸಹಪಾಠಿ ಫ್ರಾನ್ಸಿಸ್ ಬೈಲಾಸಳೊಡನೆ ಅರ್ಜಿ ಹಾಕಿದಳು. ವರ್ಷಕ್ಕೆ 1,620 ಡಾಲರ್ ಸಂಬಳ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಮೂರ್ ಸ್ಕೂಲ್‌ನಲ್ಲಿ ಸೈನ್ಯಕ್ಕಾಗಿ ಲೆಕ್ಕ ಮಾಡುವ ಕೆಲಸ. ಹಾರಿದ ಫಿರಂಗಿ ಗುಂಡಿನ ಒಂದು ಪಥವನ್ನು ಕೈಯಂತ್ರದಿಂದ ಗಣಿಸಲು 30ರಿಂದ 40 ಗಂಟೆಗಳು ತಗಲುತ್ತಿದ್ದವು. ಇಷ್ಟು ಕಠಿಣವಾದ ಗಣಿತವನ್ನು ನಿತ್ಯವೂ ಮಾಡುತ್ತಿದ್ದ ಇವರನ್ನು ಸರ್ಕಾರವು ವೃತ್ತಿಪರ ದರ್ಜೆಗಿಂತ ಕೆಳಗಿನ ವರ್ಗದಲ್ಲಿ ಇರಿಸಿತ್ತು. ನನಗೆ ಅತ್ಯಂತ ಅನ್ಯಾಯವೆನಿಸುವುದು ಇದೇ.

1945ರಲ್ಲಿ ಮಿಸೌರಿಯ ಕೃಷಿಕ ಕುಟುಂಬದ ಜೀನ್ ಜೆನ್ನಿಂಗ್ಸ್ ಕೂಡ ಬಂದು ಸೇರಿದಳು. ಅವಳಿಗೂ ಉಪಾಧ್ಯಾಯಿನಿಯಾಗೆಂಬ ಒತ್ತಾಯವಿತ್ತು. ಅವಳಿಗೂ ಅದು ಒಲ್ಲದಾಗಿತ್ತು! ಅದೇ ವರ್ಷ ಎನಿಯಾಕ್ ಎಂಬ ಹೊಸ ವಿದ್ಯುನ್ಮಾನ ಯಂತ್ರಕ್ಕೆಂದು ಆರು ಮಂದಿಯನ್ನು ಆರಿಸಲಾಯಿತು. ಕ್ಯಾತ್ಲೀನ್, ಫ್ರಾನ್ಸಿಸ್, ಜೀನ್ ಅಲ್ಲದೆ ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್ ಮತ್ತು ರೂತ್ ಲಿಕ್ಟರ್‌ಮನ್. ಸುಮಾರು 18,000 ನಿರ್ವಾತ ನಳಿಕೆಗಳ ಆ ಯಂತ್ರವಿದ್ದ ಕೋಣೆಯೊಳಗೆ ರಹಸ್ಯದ ಕಾರಣ ಮೊದಲು ಇವರಿಗೆ ಪ್ರವೇಶವಿರಲಿಲ್ಲ. ನಕ್ಷೆಗಳನ್ನು ಕೊಟ್ಟು ಕಲಿತುಕೊಳ್ಳಿರೆಂದರು, ಕೈಪಿಡಿಯಿಲ್ಲ, ಗುರುವಿಲ್ಲ. ಯಾವ ತಂತಿಯನ್ನು ಎಲ್ಲಿಗೆ ಜೋಡಿಸಬೇಕು, ಯಾವ ಗುಂಡಿಯನ್ನು ಹೇಗೆ ತಿರುಗಿಸಬೇಕೆಂಬುದನ್ನು ಇವರೇ ಕಂಡುಕೊಂಡರು.

1946ರ ಫೆಬ್ರವರಿಯಲ್ಲಿ ಯಂತ್ರದ ಪ್ರದರ್ಶನ ನಡೆಯಿತು. ಜೀನ್ ಮತ್ತು ಬೆಟ್ಟಿ ಸಿದ್ಧಪಡಿಸಿದ ಕ್ರಮವಿಧಿಯಿಂದ ಎನಿಯಾಕ್ ಗುಂಡಿನ ಪಥವನ್ನು 20 ಸೆಕೆಂಡುಗಳಲ್ಲಿ ಗಣಿಸಿತು. ಗುಂಡು ಗುರಿ ಮುಟ್ಟುವುದಕ್ಕೂ ಮೊದಲೇ! ಅಂದು ರಾತ್ರಿಯ ಔತಣಕ್ಕೆ ಆ ಆರು ಮಂದಿಗೆ ಆಹ್ವಾನವಿರಲಿಲ್ಲ.

1980ರ ದಶಕದಲ್ಲಿ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೆಯ ಭಾವಚಿತ್ರಗಳಲ್ಲಿ ಇವರನ್ನು ಕಂಡು ಯಾರೆಂದು ವಿಚಾರಿಸಿದಾಗ, ಯಂತ್ರದ ಅಂದಕ್ಕೆ ನಿಲ್ಲಿಸಿದ ರೂಪದರ್ಶಿಗಳೆಂಬ ಉತ್ತರ ಬಂತು. ಆಕೆ ಅದನ್ನು ನಂಬದೆ ಹುಡುಕಿದ್ದರಿಂದಲೇ ಇವರ ಹೆಸರುಗಳು ಮತ್ತೆ ಬೆಳಕಿಗೆ ಬಂದವು. ಕ್ಯಾತ್ಲೀನ್ 2006ರಲ್ಲಿ ನಿಧನರಾದರು, ಜೀನ್ 2011ರಲ್ಲಿ. 2018ರಲ್ಲಿ ಐರ್ಲೆಂಡ್ ತನ್ನ ರಾಷ್ಟ್ರೀಯ ಮಹಾಗಣಕಕ್ಕೆ ಕ್ಯಾತ್ಲೀನರ ಮುದ್ದಿನ ಹೆಸರನ್ನೇ ಇಟ್ಟಿತು: ಕೇ.