ಕ್ಷೇತ್ರದಲ್ಲೇ ಇದ್ದ ವಿದ್ಯಾರ್ಥಿ: ಕೋವಿಡ್ ಕಾಲದ ಸಮಾಜಕಾರ್ಯ ಬೋಧನೆ ಮತ್ತು ಕಾಳಿ ಕಣಿವೆ

ಸಮಾಜಕಾರ್ಯ ಪದವಿಗೆ ಕ್ಷೇತ್ರಕಾರ್ಯವೇ ಜೀವಾಳ. 2020ರ ಮಾರ್ಚ್ 25ರ ಲಾಕ್‌ಡೌನ್ ಮೊದಲು ತಡೆದದ್ದು ಅದನ್ನೇ. ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳು ಹಾಸ್ಟೆಲ್ ಬಿಟ್ಟು ಊರು ಸೇರಿದರು, ಪಾಠ ಮೊಬೈಲಿಗೆ ಬಂತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಲ್ಲಿ (2017–18) ದೇಶದ ಗ್ರಾಮೀಣ ಕುಟುಂಬಗಳ ಪೈಕಿ ಕಂಪ್ಯೂಟರ್ ಇದ್ದವು ಶೇ. 4.4, ಇಂಟರ್‌ನೆಟ್ ಸೌಲಭ್ಯವಿದ್ದವು ಶೇ. 14.9 ಮಾತ್ರ.

ಇದನ್ನು ‘ನೆಟ್‌ವರ್ಕ್ ಸಮಸ್ಯೆ’ ಎಂದು ಕರೆದು ಸುಮ್ಮನಾಗುವುದು ಸಮಾಜಕಾರ್ಯ ಕಲಿಸುವವರಿಗೆ ಸಲ್ಲದು. ಉತ್ತರ ಕನ್ನಡದ ಕಾಳಿ ನದಿಯ ಕಣಿವೆಯಲ್ಲಿ, ದಾಂಡೇಲಿ ಪೇಟೆಗೆ ಹತ್ತಿರದ ಮೌಳಂಗಿಗೂ ಜೋಯಿಡಾದ ಕಾಡಿನೊಳಗಿನ ಮಜರೆಗಳಿಗೂ ನಡುವೆ ಇರುವುದು ಬರೀ ಟವರಿನ ದೂರವಲ್ಲ. ಅಲ್ಲಿ ಭೂಮಿಯ ಹಕ್ಕೇ ಸಮುದಾಯದಿಂದ ಸಮುದಾಯಕ್ಕೆ ಬೇರೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಹಾಗಾಗಿ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಅನುಭೋಗ ತೋರಿಸಿದರೆ ಸಾಕು. ಪಟ್ಟಿಯ ಹೊರಗುಳಿದ ಕುಣಬಿಯರು, ಗೌಳಿಗರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಒದಗಿಸಬೇಕು. ಒಂದೇ ಕಾಡು, ಒಂದೇ ಬಗೆಯ ಬದುಕು, ಎರಡು ಅಳತೆ! ಈ ಮನೆಗಳಿಂದ ಬಂದ ವಿದ್ಯಾರ್ಥಿ ಪಠ್ಯದ ಅಸಮಾನತೆಯೊಳಗೇ ಕುಳಿತಿದ್ದಾನೆ. ಅವನ ಹಾಜರಾತಿಯನ್ನು ಮಾತ್ರ ನಾವು ವಿಡಿಯೊ ಪರದೆಯಲ್ಲಿ ಹುಡುಕಿದೆವು.

ನನ್ನ ವಾದ ಇಷ್ಟು: ಲಾಕ್‌ಡೌನ್ ವಿದ್ಯಾರ್ಥಿಯನ್ನು ಕ್ಷೇತ್ರದಿಂದ ದೂರಮಾಡಲಿಲ್ಲ, ಕ್ಷೇತ್ರಕ್ಕೇ ಕಳಿಸಿತು. ಪೇಟೆಯ ಕೂಲಿ ನಿಂತು ಜನ ಊರಿಗೆ ಮರಳಿದಾಗ ಉದ್ಯೋಗ ಖಾತ್ರಿಯ ಆಗಿನ ದಿನಗೂಲಿ 275 ರೂಪಾಯಿಯೇ ಆಸರೆಯಾಗಿತ್ತು. ಜಾಬ್ ಕಾರ್ಡಿನ ಅರ್ಜಿ ಬರೆದುಕೊಡುವುದು, ಪಡಿತರದ ಅಕ್ಕಿ ತಪ್ಪಿದ ಮನೆ ಗುರುತಿಸುವುದು, ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ತಿರುಗುವುದು, ಇವೆಲ್ಲ ಕ್ಷೇತ್ರಕಾರ್ಯವೇ. ಆನ್‌ಲೈನ್ ವಿಚಾರಸಂಕಿರಣದ ಪ್ರಮಾಣಪತ್ರಕ್ಕಿಂತ ಇವಕ್ಕೆ ಹೆಚ್ಚು ಅಂಕ ಸಲ್ಲಬೇಕಿತ್ತು.

ಇದಕ್ಕೊಂದು ಗಂಭೀರ ಆಕ್ಷೇಪವಿದೆ. ಸ್ವಂತ ಊರಿನಲ್ಲಿ ವಿದ್ಯಾರ್ಥಿ ಯಾರದೋ ಮಗ, ಯಾವುದೋ ಜಾತಿಯವನು. ನೆರೆಮನೆಯ ಸಾಲ, ಕುಡಿತ, ಹೊಡೆತದ ಗುಟ್ಟು ಕಾಯುವುದು ಅಪರಿಚಿತ ಊರಿನಲ್ಲಿ ಕಾಯುವಷ್ಟು ಸುಲಭವಲ್ಲ. ವಿದ್ಯಾರ್ಥಿನಿಗೆ ಮನೆಗೆಲಸದ ಹೊರೆಯೂ ಇದೆ. ಮಾರ್ಗದರ್ಶಕರು ತೀರ ಬೇಕಾಗುವುದು ಇಲ್ಲೇ. ಅದಕ್ಕೆ ವಿಡಿಯೊ ಬೇಡ, ವಾರಕ್ಕೊಮ್ಮೆ ಸಾದಾ ಫೋನ್ ಕರೆ ಸಾಕು. ಕರೆಯೂ ಸಿಗದ ಮಜರೆಯಿಂದ ಕೈಬರಹದ ದಿನಚರಿ ತಡವಾಗಿ ಬಂದರೂ ಸ್ವೀಕರಿಸಬೇಕು. ಮನೆಯಲ್ಲಿ ಕೊಂಕಣಿ, ಮರಾಠಿ ಆಡುವವರಿಗೆ ಮೌಖಿಕ ವರದಿಯ ಅವಕಾಶವನ್ನೂ ಪರೀಕ್ಷಾ ನಿಯಮಾವಳಿಯಲ್ಲೇ ಸೇರಿಸಬೇಕು.